ಕಂಪ್ಯೂಟರ್ ಮೇಷ್ಟ್ರ ಅಂಚೆ: ಇಬ್ಬರು ಮಂಜುನಾಥರು, ಆರು ಸಾಲು

ಮಕ್ಕಳೇ, ಈ ವಾರ ತಿಪಟೂರು ಕಡೆಯಿಂದ ಏಳನೇ ತರಗತಿಯ ಹುಡುಗಿಯೊಬ್ಬಳ ಕಾಗದ ಬಂದಿದೆ. "ಮೇಷ್ಟ್ರೇ, ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂಬುದೇ ಅದರ ಮೊದಲ ಸಾಲು.

ಅವಳ ತಾತ ಮನೆಯ ಜಗುಲಿಯಲ್ಲೇ ಒಂದು ಪುಟ್ಟ ಪುಸ್ತಕ ಭಂಡಾರ ನಡೆಸುತ್ತಾರೆ. ಯಾರು ಯಾವ ಪುಸ್ತಕ ಒಯ್ದರು ಎಂಬುದೆಲ್ಲ ಉದ್ದನೆಯ ನೋಟ್‌ಬುಕ್ಕಿನಲ್ಲಿ, ಒಯ್ದವರ ರುಜು ಸಮೇತ. ಬೇಸಿಗೆ ರಜೆಯಲ್ಲಿ ಮೊಮ್ಮಗಳು ಅದನ್ನು ಕಂಪ್ಯೂಟರಿಗೆ ಏರಿಸಿದಳು. ಬಳಸಿದ್ದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್. ಅದಕ್ಕೆ ಕಾಸು ಕೊಡಬೇಕಿಲ್ಲ. ಅಜ್ಜಿಯರೇ, ನಿಮ್ಮ ಕೈಯಲ್ಲಿರುವ ಸ್ಮಾರ್ಟ್‌ಫೋನಿನ ಒಳಗೂ ಇದೇ ಕೂತು ಕೆಲಸ ಮಾಡುತ್ತಿರುತ್ತದೆ.

ಹುಡುಗಿ ಎರಡು ಟೇಬಲ್ ಮಾಡಿದಳು. ಒಂದರಲ್ಲಿ ಸದಸ್ಯರು, ಇನ್ನೊಂದರಲ್ಲಿ ಎರವಲು ಹೋದ ಪುಸ್ತಕಗಳು. ಆಮೇಲೆ "ಎರಡೂ ಕಡೆ ಹೆಸರು ಒಂದೇ ಇದ್ದಲ್ಲಿ ಜೋಡಿಸಿ ತೋರಿಸು" ಎಂದು ಕೇಳಿದಳು. ಈ ಜೋಡಣೆಗೆ ಜಾಯಿನ್ ಎಂದು ಹೆಸರು. ಬಂದ ಉತ್ತರದಲ್ಲಿ ಐದನೇ ತರಗತಿಯ ಮಂಜುನಾಥನ ಹೆಸರಿನಲ್ಲಿ ಮೂರು ಪುಸ್ತಕ! ಹುಡುಗ ಒಯ್ದದ್ದು ಒಂದೇ ಎಂದು ಕಣ್ಣೀರು ಹಾಕಿದ. ಅವನ ತಾಯಿ, ಕಳೆದಿದ್ದರೆ ದುಡ್ಡು ಕೊಡುತ್ತೇವೆ ಎಂದು ಹೇಳಿಕಳಿಸಿದರು. ತಾತ ಕೋಪ ಮಾಡಿಕೊಂಡು, "ಇನ್ನು ಆ ಪೆಟ್ಟಿಗೆ ಸಹವಾಸ ಬೇಡ" ಎಂದುಬಿಟ್ಟರು.

ಕಂಪ್ಯೂಟರ್ ಸುಳ್ಳು ಹೇಳಿಲ್ಲ. ಕಾಗದದ ಜೊತೆ ಅವಳು ಎರಡೂ ಟೇಬಲಿನ ಪ್ರತಿ ಇಟ್ಟಿದ್ದಳು. ಸದಸ್ಯರ ಪಟ್ಟಿಯಲ್ಲಿ ಮಂಜುನಾಥರು ಇಬ್ಬರು. ಒಬ್ಬ ಈ ಹುಡುಗ, ಇನ್ನೊಬ್ಬರು ನಿವೃತ್ತರಾದ ಅಂಚೆಯಣ್ಣ. ನಮ್ಮ ಕಡೆ ಇದೇನು ಅಚ್ಚರಿಯೇ? ನನ್ನ ತರಗತಿಯೊಂದರಲ್ಲೇ ಮೂವರು ಮಂಜುನಾಥರಿದ್ದರು! ಎರವಲಿನ ಪಟ್ಟಿಯಲ್ಲಿ "ಮಂಜುನಾಥ" ಎಂಬ ಸಾಲು ಮೂರು. ಹೆಸರು ಸರಿಹೋದ ಕಡೆಯೆಲ್ಲ ಜೋಡಿಸು ಎಂದರೆ ಇಬ್ಬರಿಗೂ ಮೂರೂ ಪುಸ್ತಕ ಅಂಟಿಕೊಳ್ಳುತ್ತವೆ. ಎರಡು ಮೂರಲಿ ಆರು. ಅವಳ ಉತ್ತರದಲ್ಲೂ ಮಂಜುನಾಥರ ಸಾಲು ಸರಿಯಾಗಿ ಆರೇ ಇದ್ದವು.

ಶಾಲೆಯಲ್ಲಿ ನಿಮಗೆ ಹಾಜರಿ ಸಂಖ್ಯೆ ಕೊಡುವುದು ಇದಕ್ಕೇ. ಪ್ರತಿ ಸದಸ್ಯರಿಗೂ ಒಂದೊಂದು ಸಂಖ್ಯೆ ಕೊಡಬೇಕು. ಒಬ್ಬರದು ಇನ್ನೊಬ್ಬರಿಗೆ ಇರಕೂಡದು. ಡೇಟಾಬೇಸಿನವರು ಇದನ್ನು ಪ್ರೈಮರಿ ಕೀ ಎನ್ನುತ್ತಾರೆ. ಎರವಲಿನ ಪಟ್ಟಿಯಲ್ಲೂ ಹೆಸರಿನ ಬದಲು ಆ ಸಂಖ್ಯೆಯನ್ನೇ ಬರೆದು, ಸಂಖ್ಯೆಯ ಮೇಲೆ ಜೋಡಿಸಿದರೆ ಮೂರು ಪುಸ್ತಕಕ್ಕೆ ಮೂರೇ ಸಾಲು ಬರುತ್ತದೆ.

ಆದರೆ ಹಳೆಯ ಮೂರು ಸಾಲಿನಲ್ಲಿ ಯಾವುದು ಯಾವ ಮಂಜುನಾಥನದು? ಅದನ್ನು ಟೇಬಲಿನಲ್ಲಿ ಬರೆದೇ ಇಲ್ಲವಲ್ಲ! ಬರೆಯದೇ ಇದ್ದುದನ್ನು ಎಷ್ಟು ಜಾಣ ಪ್ರಶ್ನೆ ಕೇಳಿದರೂ ಕಂಪ್ಯೂಟರ್ ಹೇಳಲಾರದು. ತಾತನ ನೋಟ್‌ಬುಕ್ ತೆಗೆದು ರುಜು ನೋಡು ಎಂದು ಹುಡುಗಿಗೆ ಬರೆದೆ. ಎಂಟು ದಿನಕ್ಕೆ ಉತ್ತರ ಬಂತು: ಎರಡು ರುಜು ಅಂಚೆಯಣ್ಣನವು, ಒಂದು ಹುಡುಗನದು. ತಾತನೇ ಅವನ ಮನೆಗೆ ಹೋಗಿ ಹೇಳಿ ಬಂದರಂತೆ. ನೋಟ್‌ಬುಕ್ಕನ್ನು ರದ್ದಿಗೆ ಹಾಕದೆ ಇಟ್ಟ ತಾತನಿಗೆ ನನ್ನದೊಂದು ನಮಸ್ಕಾರ.

ಹೀಗೆ ಟೇಬಲುಗಳಲ್ಲಿ ಇಟ್ಟು, ಬೇಕಾದಾಗ ಜೋಡಿಸಿ ನೋಡುವ ಯೋಚನೆ ಎಡ್ಗರ್ ಕಾಡ್ ಎಂಬುವರದು. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಅಮೆರಿಕದ ಐಬಿಎಂ ಕಂಪನಿ ಸೇರಿದವರು. 1970ರಲ್ಲಿ ಈ ಬಗ್ಗೆ ಲೇಖನ ಬರೆದರು. 1974ರಲ್ಲಿ ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್, ಪ್ರಶ್ನೆ ಕೇಳುವ ಭಾಷೆಯೊಂದನ್ನು ಪ್ರಕಟಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್. ನಿಮಗೆ ಖುಷಿಯಾಗುವ ಇನ್ನೊಂದು ಮಾತು: ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಹೆಸರಿನಲ್ಲಿರುವ "ಮೈ" ಅದನ್ನು ಮಾಡಿದವರಲ್ಲಿ ಒಬ್ಬರ ಮಗಳ ಹೆಸರು. ಮುಂದೆ ಅವರೇ ಇನ್ನೊಂದು ಡೇಟಾಬೇಸಿಗೆ ಕಿರಿಮಗಳ ಹೆಸರಿಟ್ಟು ಮರಿಯಾಡಿಬಿ ಎಂದರು. ಇಲ್ಲದಿದ್ದರೆ ಮನೆಯಲ್ಲಿ ಜಗಳವಾಗುತ್ತಿತ್ತೋ ಏನೋ!

ಅದೇ ಹುಡುಗಿಯ ಎರಡನೇ ಪ್ರಶ್ನೆ. ವಾಪಸು ಬರದ ಪುಸ್ತಕ ಯಾವುವು ಎಂದು ನೋಡಲು, ವಾಪಸಿನ ತಾರೀಕು "ನಲ್"ಗೆ ಸಮ ಇರುವ ಸಾಲು ಕೊಡು ಎಂದಳು. ನಲ್ ಎಂದರೆ ಏನೂ ತುಂಬದ ಮನೆ. ಒಂದು ಸಾಲೂ ಬರಲಿಲ್ಲ. ಕಪಾಟು ನೋಡಿದರೆ ಅರ್ಧ ಖಾಲಿ! ಇದಕ್ಕೆ ಕಾರಣ ಹೀಗಿದೆ. ಮುಚ್ಚಿದ ಎರಡು ಡಬ್ಬಿ ಮುಂದಿಟ್ಟು, ಎರಡರಲ್ಲೂ ಒಂದೇ ತಿಂಡಿ ಇದೆಯೇ ಎಂದು ಅಜ್ಜಿ ಕೇಳಿದರೆ ಏನು ಹೇಳುತ್ತೀರಿ? ಹೌದು ಎನ್ನಲಾಗದು, ಅಲ್ಲ ಎನ್ನಲೂ ಆಗದು. ಡೇಟಾಬೇಸಿಗೆ ನಲ್ ಎಂದರೆ ಮುಚ್ಚಿದ ಡಬ್ಬಿ. ಅದು ಯಾವುದಕ್ಕೂ, ಇನ್ನೊಂದು ನಲ್‌ಗೂ, ಸಮವಲ್ಲ. "ಹೌದು" ಎಂಬ ಉತ್ತರ ಬಂದ ಸಾಲುಗಳನ್ನಷ್ಟೇ ಅದು ತೋರಿಸುವುದು. ಆದ್ದರಿಂದ ಸಮ ಚಿಹ್ನೆ ಬಿಟ್ಟು "ಈಸ್ ನಲ್" ಎಂದು ಬರೆಯಬೇಕು.

ಇನ್ನೊಂದು ಕಾಗದ ಒಬ್ಬ ತಾತನದು. "ಡೇಟಾಬೇಸ್ ಕೆಲಸ ಮಾಡುತ್ತಿಲ್ಲ, ಏನು ಮಾಡಲಿ?" ಅಷ್ಟೇ. ತಾತ, ಡಾಕ್ಟರ ಬಳಿ ಹೋಗಿ ಹುಷಾರಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತೀರಾ? ಟೇಬಲಿನ ನಾಲ್ಕು ಸಾಲು, ನೀವು ಬರೆದ ಪ್ರಶ್ನೆ, ತೆರೆಯ ಮೇಲೆ ಬಂದ ಮಾತು ಅಕ್ಷರಕ್ಕಕ್ಷರ, ಏನು ಬರಬೇಕೆಂದುಕೊಂಡಿದ್ದಿರಿ, ಇವಿಷ್ಟು ಕಳಿಸಿ ಎಂದು ಬರೆದೆ. ಮೊಮ್ಮಗನ ಕೈಲಿ ಬರೆಸಿ ಕಳಿಸಿದರು. ತೆರೆಯ ಮೇಲೆ "ನೋ ಸಚ್ ಟೇಬಲ್" ಎಂದು ಬಂದಿದೆ. ಕಡತದ ಹೆಸರು "ತೋಟ" ಎಂದಿದ್ದರೆ ಇವರು ತೆರೆದದ್ದು "ತೊಟ"! ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಎಸ್‌ಕ್ಯೂಲೈಟ್ ಗದರುವುದಿಲ್ಲ, ಆ ತಪ್ಪು ಹೆಸರಿನಲ್ಲೇ ಹೊಸ ಖಾಲಿ ಡೇಟಾಬೇಸ್ ತೆರೆದುಕೊಡುತ್ತದೆ. ಇಷ್ಟು ಸಭ್ಯತೆ ಒಳ್ಳೆಯದಲ್ಲ ಎಂದು ನನ್ನ ಅಭಿಪ್ರಾಯ. ತೆಂಗಿನಕಾಯಿಯ ಲೆಕ್ಕವೆಲ್ಲ ಹಳೆಯ ಕಡತದಲ್ಲಿ ಭದ್ರವಾಗಿದೆ ತಾತ. ಎಸ್‌ಕ್ಯೂಲೈಟಿನಲ್ಲಿ ಇಡೀ ಡೇಟಾಬೇಸ್ ಒಂದೇ ಕಡತ. ಅದನ್ನು ಮುಚ್ಚಿದ ಮೇಲೆ ಒಂದು ಪ್ರತಿ ಮಾಡಿ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಮಕ್ಕಳಿಗೊಂದು ಒಗಟು. ಒಬ್ಬ ಹುಡುಗ ಹಾಜರಿ ಸಂಖ್ಯೆಯ ಪ್ರಕಾರ ಪಟ್ಟಿ ಜೋಡಿಸಿದ. 1 ಆದ ಮೇಲೆ 10, 11, 12 ಬಂದು, ಆಮೇಲೆ 2 ಬಂತು. ಸಂಖ್ಯೆಗಳನ್ನು ಅವನು ಯಾವ ಬಗೆಯ ಮನೆಯಲ್ಲಿ ತುಂಬಿದ್ದ? ಸುಳಿವು: ನಿಘಂಟಿನಲ್ಲಿ ಪದಗಳು ಹೇಗೆ ಕೂತಿರುತ್ತವೆ ಎಂದು ಅಜ್ಜನ ಜೊತೆ ಕೂತು ನೋಡಿ. ಉತ್ತರ ಮುಂದಿನ ವಾರ.