ಕಲಿಸಲು ಹೋದವರ ಕಲಿಕೆ



ನಮ್ಮ ಹಿರಿಯರ ಕಾಲದಲ್ಲಿ ಪಾಪಿರೆಡ್ಡಿಪಟ್ಟಿಯ ಕಡೆಯ ಹುಡುಗನೊಬ್ಬ ಬೊಮ್ಮಿಡಿಯಲ್ಲಿ ರೈಲು ಹತ್ತಿ ಮದರಾಸಿಗೋ ಬೆಂಗಳೂರಿಗೋ ಹೊರಟನೆಂದರೆ ಅದೇ ಪರದೇಶ ಪ್ರಯಾಣವೆನಿಸುತ್ತಿತ್ತು. ತರುವಾಯ ಕೊಲ್ಲಿ ರಾಷ್ಟ್ರಗಳ ಹೆಸರು ಮನೆಮಾತಾಯಿತು. ಈಗ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದ ತರುಣ ತರುಣಿಯರ ಬಾಯಲ್ಲಿ ಮತ್ತೊಂದು ದೇಶದ ಹೆಸರು ಕೇಳಿಬರುತ್ತಿದೆ: ವಿಯೆಟ್ನಾಂ. ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಉದ್ಯೋಗವದು. ಮಗಳು ಈ ಮಾತೆತ್ತಿದೊಡನೆ ತಾಯಿಯ ಮುಖ ಬಾಡುವುದು ಸಹಜವೇ. ವಯಸ್ಸಾದವರ ಮನಸ್ಸಿನಲ್ಲಿ ವಿಯೆಟ್ನಾಂ ಎಂದರೆ ಇಂದಿಗೂ ಯುದ್ಧ. ಆದರೆ ಆ ಯುದ್ಧ ಮುಗಿದದ್ದು 1975ರ ಏಪ್ರಿಲ್ 30ರಂದು. ಅಂದು ಹುಟ್ಟಿದ ಕೂಸುಗಳು ಇಂದು ಅಜ್ಜ ಅಜ್ಜಿಯರಾಗುವ ವಯಸ್ಸಿಗೆ ಬಂದಿದ್ದಾರೆ. ಆದುದರಿಂದ ಭಯವನ್ನು ಬದಿಗಿರಿಸಿ, ಅಲ್ಲಿ ನೆಲೆಸುವ ಎಳೆಯ ಉಪಾಧ್ಯಾಯಿನಿಯೊಬ್ಬಳ ದಿನಚರಿ ಹೇಗಿರುತ್ತದೆ, ಆಕೆಗೆ ಇಲ್ಲಿಂದ ನಾವು ಕಟ್ಟಿಕೊಡಬಹುದಾದ ಬುತ್ತಿ ಯಾವುದು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಆ ದೇಶಕ್ಕೆ ಇಂಗ್ಲಿಷಿನ ಹಸಿವು ಏಕೆ ಬಂದಿತು? 1986ರಲ್ಲಿ ಅಲ್ಲಿನ ಸರಕಾರ ತನ್ನ ಆರ್ಥಿಕ ನೀತಿಯನ್ನು ಬದಲಿಸಿ ವ್ಯಾಪಾರದ ಬಾಗಿಲು ತೆರೆಯಿತು. 1995ರಲ್ಲಿ ಅಮೆರಿಕದೊಡನೆ ರಾಜತಾಂತ್ರಿಕ ಸಂಬಂಧ ಕುದುರಿತು. ಅದೇ ವರ್ಷ ಆಗ್ನೇಯ ಏಷ್ಯದ ರಾಷ್ಟ್ರಗಳ ಒಕ್ಕೂಟಕ್ಕೂ ಅದು ಸೇರಿತು. ಒಂದು ಕಾಲಕ್ಕೆ ಫ್ರೆಂಚ್, ಅನಂತರ ರಷ್ಯನ್ ಕಲಿಯುತ್ತಿದ್ದ ಜನ ಇಂಗ್ಲಿಷಿನತ್ತ ತಿರುಗಿದರು. 2022-23ರ ಶಾಲಾ ವರ್ಷದಿಂದ ಮೂರನೆಯ ತರಗತಿಯ ಮಕ್ಕಳಿಗೆ ಪರಭಾಷೆಯ ಕಲಿಕೆ ಕಡ್ಡಾಯವಾಯಿತು. ಬಹುತೇಕ ಶಾಲೆಗಳಲ್ಲಿ ಆ ಪರಭಾಷೆ ಇಂಗ್ಲಿಷೇ. 2024ರಲ್ಲಿ ಅಲ್ಲಿನ ಆಳುವ ಪಕ್ಷವು ಶಾಲೆಗಳಲ್ಲಿ ಇಂಗ್ಲಿಷನ್ನು ಹಂತಹಂತವಾಗಿ ಎರಡನೆಯ ಭಾಷೆಯಾಗಿಸಬೇಕೆಂಬ ಧೋರಣೆಯನ್ನು ಸಾರಿತು. ಸುಮಾರು ಹತ್ತು ಕೋಟಿ ಜನರ ನಾಡಿಗೆ ಬೇಕಾಗುವಷ್ಟು ಅಧ್ಯಾಪಕರು ಒಂದೆರಡು ದಿನಗಳಲ್ಲಿ ದೊರೆಯುವರೇ? ಹೊರನಾಡಿನವರಿಗೆ ಅಲ್ಲಿ ಎಡೆಯಿರುವುದು ಈ ಕಾರಣದಿಂದ.

ಎಡೆಯಿದೆ ಎಂದ ಮಾತ್ರಕ್ಕೆ ಬಾಗಿಲು ತಾನಾಗಿ ತೆರೆಯದು. ಕ್ರಮವಾಗಿ ಕಲಿಸುವವರಿಗೆ ಪದವಿಪತ್ರ ಬೇಕು, ಬೋಧನೆಯ ತರಬೇತಿಯ ಪ್ರಮಾಣಪತ್ರ ಬೇಕು, ಪೋಲೀಸರ ದೃಢೀಕರಣ ಬೇಕು, ಆರೋಗ್ಯ ಪತ್ರ ಬೇಕು. ಇಂಗ್ಲಿಷ್ ಮಾತೃಭಾಷೆಯಾದ ದೇಶಗಳ ಪ್ರಜೆಗಳಲ್ಲದವರಿಂದ ಭಾಷಾ ಸಾಮರ್ಥ್ಯದ ಪ್ರಮಾಣಪತ್ರವನ್ನೂ ಕೇಳುವುದುಂಟು. ಇವೆಲ್ಲವನ್ನೂ ತೋರಿಸಿದ ಮೇಲೆ ಕೆಲಸದ ಪರವಾನಗಿ ದೊರೆಯುತ್ತದೆ. ಅದರ ಅವಧಿ ಹೆಚ್ಚೆಂದರೆ ಎರಡು ವರ್ಷ. ಪ್ರವಾಸಿಯ ವೀಸಾದಲ್ಲಿ ಬಂದುಬಿಡಿ, ಉಳಿದದ್ದನ್ನು ಅಲ್ಲಿ ನೋಡಿಕೊಳ್ಳೋಣ ಎನ್ನುವ ಮಧ್ಯವರ್ತಿಗಳ ಮಾತಿಗೆ ಮರುಳಾಗಬಾರದು. ಪರವಾನಗಿಯಿಲ್ಲದೆ ದುಡಿಯುವುದು ಅಲ್ಲಿ ಅಪರಾಧ. ಹಾಗೆ ಸಿಕ್ಕಿಬಿದ್ದವರಿಗೆ ದಂಡ, ಗಡೀಪಾರು ಎರಡೂ ಕಾದಿರುತ್ತವೆ. ಸಂಬಳ ತಡೆಹಿಡಿದರೆ ದೂರು ಕೊಡುವ ಧೈರ್ಯವೂ ಉಳಿಯುವುದಿಲ್ಲ. ಪಾಸ್‌ಪೋರ್ಟನ್ನು ಯಾರ ಕೈಯಲ್ಲಿಯೂ ಒತ್ತೆಯಿಡಬಾರದು. ಹೆಣ್ಣುಮಗಳನ್ನು ಮದುವೆ ಮಾಡಿಕೊಡುವಾಗ ಎಷ್ಟು ವಿಚಾರಿಸುತ್ತೇವೆಯೋ ಅಷ್ಟೇ ವಿಚಾರಣೆ ಇಲ್ಲಿಯೂ ಆವಶ್ಯಕ.

ಇನ್ನು ದಿನಚರಿ. ನಮ್ಮ ಊರಿನ ಉಪಾಧ್ಯಾಯಿನಿ ಬೆಳಗ್ಗೆ ಹೋಗಿ ಸಂಜೆ ಮನೆಗೆ ಮರಳುತ್ತಾಳೆ. ಅಲ್ಲಿನ ಖಾಸಗಿ ಭಾಷಾ ಕೇಂದ್ರಗಳಲ್ಲಿ ದುಡಿಯುವವಳ ಗಡಿಯಾರ ತಲೆಕೆಳಗು. ಮಕ್ಕಳು ಹಗಲೆಲ್ಲ ತಮ್ಮ ಶಾಲೆಯಲ್ಲಿರುತ್ತಾರಾದ್ದರಿಂದ ಈಕೆಯ ಪಾಠ ಮೊದಲಾಗುವುದು ಸಂಜೆ. ಮುಗಿಯುವುದು ರಾತ್ರಿ ಎಂಟು ಒಂಬತ್ತಕ್ಕೆ. ಶನಿವಾರ ಭಾನುವಾರಗಳು ಊರಿಗೆಲ್ಲ ವಿರಾಮ, ಈಕೆಗೆ ತುಂಬಿದ ದುಡಿಮೆ. ಬೆಳಗಿನ ಹೊತ್ತು ಬಿಡುವು. ಆ ಬಿಡುವಿನಲ್ಲಿ ಆಕೆ ಬೀದಿಬದಿಯ ಪುಟ್ಟ ಕುರ್ಚಿಯ ಮೇಲೆ ಕುಳಿತು ಕಾಫಿ ಕುಡಿಯಬಹುದು. ಲೋಟದ ಮೇಲೆ ಸಣ್ಣ ಲೋಹದ ಫಿಲ್ಟರು. ಅದರಿಂದ ಕಪ್ಪು ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿದು ಗಟ್ಟಿ ಸಿಹಿಹಾಲಿನ ಮೇಲೆ ನಿಲ್ಲುತ್ತದೆ. ಶೇವರಾಯ್ ಬೆಟ್ಟದ ಕಾಫಿಯ ಪರಿಮಳದಲ್ಲಿ ಬೆಳೆದವರಿಗೆ ಇದು ದೂರದ ನಂಟರ ಮನೆಯ ಕಾಫಿಯಂತೆ ತೋರೀತು. ಜಗತ್ತಿನಲ್ಲಿ ಬ್ರೆಜಿಲನ್ನು ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಮೇ. ನಮ್ಮ ಹೊಲಗಳ ಮರಗೆಣಸು ಕೂಡ ಅಲ್ಲಿ ಅಪರಿಚಿತವಲ್ಲ. ಬಡತನದ ವರ್ಷಗಳಲ್ಲಿ ಅಕ್ಕಿಗೆ ಬದಲಾಗಿ ಅದನ್ನೇ ಉಂಡ ನೆನಪು ಅಲ್ಲಿನ ಹಿರಿಯರಿಗಿದೆ.

ಬೀದಿ ದಾಟುವುದು ಮೊದಲನೆಯ ಪರೀಕ್ಷೆ. ಹೋ ಚಿ ಮಿನ್ ನಗರದಲ್ಲಾಗಲಿ ಹನೋಯಿಯಲ್ಲಾಗಲಿ ಮೋಟಾರು ಸೈಕಲುಗಳ ಪ್ರವಾಹಕ್ಕೆ ಎಡೆಯಿಲ್ಲ. ನಿಂತು ಕಾದರೆ ಕಾಯುತ್ತಲೇ ಇರಬೇಕು, ಓಡಿದರೆ ಅಪಾಯ. ಒಂದೇ ನಡಿಗೆಯಲ್ಲಿ, ನಿಧಾನವಾಗಿ, ಹಿಂಜರಿಯದೆ ನಡೆದರೆ ಪ್ರವಾಹವೇ ಸರಿದು ದಾರಿ ಕೊಡುತ್ತದೆ. ನಾಣ್ಯದ ಲೆಕ್ಕವೂ ಬೆರಗು ಹುಟ್ಟಿಸುತ್ತದೆ. ನಮ್ಮ ಒಂದು ರೂಪಾಯಿಗೆ ಅಲ್ಲಿ ಮುನ್ನೂರರ ಆಸುಪಾಸಿನಲ್ಲಿ ಡಾಂಗ್ ದೊರೆಯುತ್ತದೆ. ಐದು ಲಕ್ಷದ ನೋಟೂ ಉಂಟು. ಲಕ್ಷಾಧಿಪತಿಯಾದೆನೆಂದು ಹಿಗ್ಗುವ ಮೊದಲು ಬಾಡಿಗೆಯನ್ನೂ ಲಕ್ಷಗಳಲ್ಲಿಯೇ ಎಣಿಸಬೇಕೆಂಬುದನ್ನು ಮರೆಯಬಾರದು!

ಊಟದ ಚಿಂತೆ ನಮ್ಮ ಸಸ್ಯಾಹಾರಿ ಮನೆಗಳಿಗೆ ದೊಡ್ಡದು. ಮೀನಿನ ರಸ ಅಲ್ಲಿನ ಅಡಿಗೆಯ ಜೀವಾಳ. ತರಕಾರಿಯೆಂದು ತಂದಿಟ್ಟದ್ದರಲ್ಲಿಯೂ ಅದು ಸೇರಿರಬಹುದು. ಆದರೆ ಒಂದು ಪದ ಕಲಿತರೆ ಸಾಕು, ಬಹಳ ಕಷ್ಟ ತಪ್ಪುತ್ತದೆ: 'ಚಾಯ್'. ಉತ್ತರ ಹಿಂದೂಸ್ಥಾನದಲ್ಲಿ ಚಹಾ ಎಂಬರ್ಥ ಕೊಡುವ ಈ ಧ್ವನಿ ಅಲ್ಲಿ ಸಸ್ಯಾಹಾರವನ್ನು ಸೂಚಿಸುತ್ತದೆ. ಚಾಂದ್ರಮಾಸದ ಮೊದಲನೆಯ ದಿನ ಮತ್ತು ಹದಿನೈದನೆಯ ದಿನ ಅನೇಕ ಬೌದ್ಧರು ಮಾಂಸ ಮುಟ್ಟುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳನ್ನು ಎಣಿಸುವ ನಮ್ಮವರಿಗೆ ಈ ಪಂಚಾಂಗ ಹೊಸದೇ?

ತರಗತಿಯೊಳಗೆ ಕಾಲಿಟ್ಟಾಗ ನಿಜವಾದ ಸ್ವಾರಸ್ಯ ಪ್ರಾರಂಭವಾಗುತ್ತದೆ. ಅಲ್ಲಿನ ಭಾಷೆಯಲ್ಲಿ 'ನಾನು', 'ನೀನು' ಎಂಬ ಪದಗಳ ಸ್ಥಾನವನ್ನು ಬಹುಮಟ್ಟಿಗೆ ಬಂಧುತ್ವದ ಪದಗಳೇ ತುಂಬಿವೆ. ಉಪಾಧ್ಯಾಯಿನಿಯನ್ನು ಮಕ್ಕಳು 'ಕೋ' ಎನ್ನುತ್ತಾರೆ. ಅದರ ಮೂಲಾರ್ಥ ತಂದೆಯ ತಂಗಿ, ಅಂದರೆ ನಮ್ಮ ಸೋದರತ್ತೆ. ತಮ್ಮನ್ನು ತಾವು 'ಎಮ್' ಎಂದರೆ ಕಿರಿಯ ಒಡಹುಟ್ಟು, ಇನ್ನೂ ಚಿಕ್ಕವರು 'ಕಾನ್' ಎಂದರೆ ಮಗು. ಆದುದರಿಂದಲೇ ಹೊಸಬರನ್ನು ಕಂಡೊಡನೆ ಅಲ್ಲಿಯವರು ವಯಸ್ಸು ಕೇಳುತ್ತಾರೆ. ಪಾಶ್ಚಾತ್ಯರಿಗೆ ಇದು ಅಸಭ್ಯವೆನಿಸುತ್ತದೆ. ಆದರೆ ವಯಸ್ಸು ತಿಳಿಯದೆ ಅಕ್ಕನೆನ್ನಬೇಕೋ ತಂಗಿಯೆನ್ನಬೇಕೋ ತಿಳಿಯುವುದು ಹೇಗೆ? ದಾರಿಹೋಕನನ್ನು ಅಣ್ಣನೆಂದು, ಹೂವಾಡಗಿತ್ತಿಯನ್ನು ಅಕ್ಕನೆಂದು ಕರೆದು ಬೆಳೆದ ನಮ್ಮ ಹುಡುಗಿ ಇದನ್ನು ವಿವರಣೆಯಿಲ್ಲದೆಯೇ ಗ್ರಹಿಸಬಲ್ಲಳು.

ಉಚ್ಚಾರಣೆಯ ವಿಷಯ ಇನ್ನೂ ಸೊಗಸು. ವಿಯೆಟ್ನಾಮಿ ಭಾಷೆಯಲ್ಲಿ ಪದದ ಕೊನೆಗೆ ಬರಬಹುದಾದ ವ್ಯಂಜನಗಳು ಕೆಲವೇ. ಹೀಗಾಗಿ ಇಂಗ್ಲಿಷಿನ 'ನೈಸ್', 'ಫೈವ್', 'ಲೈಕ್' ಎಂಬ ಪದಗಳು ಆ ಮಕ್ಕಳ ಬಾಯಲ್ಲಿ 'ನೈ', 'ಫೈ', 'ಲೈ' ಆಗಿಬಿಡುತ್ತವೆ. ನಾವೇನು ಮಾಡುತ್ತೇವೆ? 'ನೈಸು', 'ಫೈವು', 'ಲೈಕು' ಎನ್ನುತ್ತೇವೆ! ಅವರು ಪದದ ಬಾಲ ಕತ್ತರಿಸುತ್ತಾರೆ, ನಾವು ಇಲ್ಲದ ಬಾಲ ಜೋಡಿಸುತ್ತೇವೆ. ಮಕ್ಕಳ ನಾಲಗೆ ತಿದ್ದುವ ಮೊದಲು ತನ್ನ ನಾಲಗೆಯನ್ನು ತಾನು ಕೇಳಿಸಿಕೊಳ್ಳಬೇಕಾದ ಈ ಶಿಸ್ತು ಅಧ್ಯಾಪಕರಿಗೆ ಬಹು ದೊಡ್ಡ ಲಾಭ. ಅಂತೆಯೇ ಅಲ್ಲಿನ ಕ್ರಿಯಾಪದ ಎಂದೂ ರೂಪ ಬದಲಿಸದು. ಬಂದುದೂ ಬರುವುದೂ ಒಂದೇ ಪದ, ಕಾಲವನ್ನು ಪಕ್ಕದ ಸಣ್ಣ ಪದವೊಂದು ಸೂಚಿಸುತ್ತದೆ. 'ಬಂದೆನು, ಬಂದಳು, ಬಂದರು' ಎಂದು ಲಿಂಗ ವಚನಗಳಿಗೆ ತಕ್ಕಂತೆ ಕ್ರಿಯೆಯನ್ನು ಮಾರ್ಪಡಿಸುವ ನಮಗೆ, ಇಂಗ್ಲಿಷಿನ ಕ್ರಿಯಾರೂಪಗಳಲ್ಲಿ ಆ ಮಗು ಏಕೆ ಎಡವುತ್ತದೆಂಬುದು ತಿಳಿದರೆ ಸಿಟ್ಟಿನ ಬದಲು ಸಹಾನುಭೂತಿ ಹುಟ್ಟುತ್ತದೆ.

ಇನ್ನು ಈಕೆ ಅವರ ಭಾಷೆ ಕಲಿಯಹೊರಟಾಗ ನಗುವ ಸರದಿ ಮಕ್ಕಳದು. 'ಮ' ಎಂಬ ಒಂದೇ ಅಕ್ಷರವನ್ನು ಆರು ಧಾಟಿಯಲ್ಲಿ ನುಡಿದರೆ ಆರು ಅರ್ಥ: ದೆವ್ವ, ತಾಯಿ, ಆದರೆ, ಗೋರಿ, ಕುದುರೆ, ಬತ್ತದ ಸಸಿ. ಧಾಟಿ ತಪ್ಪಿದರೆ ತಾಯಿ ಕುದುರೆಯಾದಾಳು! ಬರೆಯುವುದು ಮಾತ್ರ ರೋಮನ್ ಲಿಪಿಯಲ್ಲಿ. ಹದಿನೇಳನೆಯ ಶತಮಾನದ ಕ್ರೈಸ್ತ ಪಾದ್ರಿಗಳು ರೂಪಿಸಿದ ಈ ಬರವಣಿಗೆಯಲ್ಲಿ ಅಲೆಕ್ಸಾಂಡರ್ ದ ರೋಡ್ಸ್ ಎಂಬಾತನ ನಿಘಂಟು 1651ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಚೀನೀ ಅಕ್ಷರಗಳು ಮತ್ತು ಅವುಗಳಿಂದ ಹುಟ್ಟಿದ ದೇಶೀ ಲಿಪಿ ಕ್ರಮೇಣ ಮರೆಯಾದವು. ಅಕ್ಷರಸ್ಥರ ಸಂಖ್ಯೆ ಬೆಳೆಯಿತು, ನಿಜ. ಆದರೆ ಮುತ್ತಜ್ಜನ ಸಮಾಧಿಯ ಮೇಲಿನ ಬರಹವನ್ನು ಓದಬಲ್ಲ ಮೊಮ್ಮಗ ಇಂದು ವಿರಳ. ಲಿಪಿಯೊಂದು ಕೈಬಿಟ್ಟಾಗ ಏನು ದೊರೆಯುತ್ತದೆ, ಏನು ಕಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಗುರುವಿಗೆ ಆ ನಾಡು ಕೊಡುವ ಮನ್ನಣೆಯನ್ನು ಹೇಳದಿದ್ದರೆ ಚಿತ್ರ ಅಪೂರ್ಣ. ಹನೋಯಿಯಲ್ಲಿ 1070ರಲ್ಲಿ ಸ್ಥಾಪಿತವಾದ ಸಾಹಿತ್ಯ ಮಂದಿರವಿದೆ. ಪ್ರಾಚೀನ ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಹೆಸರುಗಳನ್ನು ಕೆತ್ತಿದ 82 ಶಿಲಾಫಲಕಗಳು, ಒಂದೊಂದೂ ಕಲ್ಲಿನ ಆಮೆಯ ಬೆನ್ನಿನ ಮೇಲೆ, ಅಲ್ಲಿ ನಿಂತಿವೆ. ಮೊದಲು ವಿನಯ, ಆಮೇಲೆ ವಿದ್ಯೆ ಎಂಬ ನುಡಿಯನ್ನು ಶಾಲೆಗಳ ಗೋಡೆಯ ಮೇಲೆ ಬರೆದಿರುತ್ತಾರೆ. 'ಟೆಟ್' ಎಂಬ ಹೊಸ ವರ್ಷದ ಹಬ್ಬದಲ್ಲಿ ಮೊದಲನೆಯ ದಿನ ತಂದೆಯ ಕಡೆಯವರಿಗೆ, ಎರಡನೆಯ ದಿನ ತಾಯಿಯ ಕಡೆಯವರಿಗೆ, ಮೂರನೆಯ ದಿನ ಗುರುವಿಗೆ ಎಂಬುದು ಅವರ ನಾಣ್ಣುಡಿ. ನವೆಂಬರ್ 20 ಅವರ ಶಿಕ್ಷಕರ ದಿನ. 1982ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ದೊರೆಯಿತು. ಅಂದು ವಿದೇಶೀ ಉಪಾಧ್ಯಾಯಿನಿಯ ಕೈಯೂ ಹೂವಿನಿಂದ ತುಂಬುತ್ತದೆ.

ಎಲ್ಲವೂ ಹೂವೇ ಅಲ್ಲ. ಇಂಗ್ಲಿಷನ್ನು ಬಿಳಿಯರೇ ಚೆನ್ನಾಗಿ ಕಲಿಸುವರೆಂಬ ಭ್ರಮೆ ಅಲ್ಲಿನ ಅನೇಕ ತಂದೆತಾಯಿಗಳಲ್ಲಿದೆ. ನಮ್ಮವರಿಗೂ ಫಿಲಿಪೈನ್ಸಿನವರಿಗೂ ಒಂದೇ ದುಡಿಮೆಗೆ ಕಡಿಮೆ ಸಂಬಳ ಬರುವುದುಂಟು; ಮೈಬಣ್ಣ ನೋಡಿಯೇ ಇಲ್ಲವೆನ್ನುವವರೂ ಉಂಟು. ಈ ಕಹಿಯನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸುವುದು ಸಲ್ಲದು. ಆದರೆ ನೆನಪಿಡಬೇಕಾದ ಮಾತೊಂದಿದೆ. ಒಂದೇ ಭಾಷೆಯಲ್ಲಿ ಹುಟ್ಟಿ ಬೆಳೆದವನಿಗೆ ಭಾಷೆ ಕಲಿಯುವ ಕಷ್ಟ ತಿಳಿಯದು. ನಮ್ಮ ಹುಡುಗಿಗೆ ಅದು ಹುಟ್ಟಿನಿಂದ ಬಂದ ಅನುಭವ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಅನಂತರ ಮದರಾಸಿನ ಪಾಲಾದವು. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಆಳ್ವಿಕೆ ಬದಲಾದರೂ ನಮ್ಮ ಮನೆಗಳಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಜೊತೆಯಾಗಿಯೇ ಬಾಳಿವೆ. ಮಾತು ತಡವರಿಸುವ ಮಗುವಿನ ಸಂಕೋಚವನ್ನು ಗಡಿನಾಡಿನವರಷ್ಟು ಬಲ್ಲವರಾರು? ನಾವು ಕಟ್ಟಿಕೊಡುವ ಬುತ್ತಿ ಇದೇ.

ಆ ಬುತ್ತಿ ಹಳಸದಂತೆ ಕಾಪಾಡಿಕೊಳ್ಳುವುದೂ ಆಕೆಯ ಹೊಣೆ. ಹೋ ಚಿ ಮಿನ್ ನಗರದ ಬೆನ್ ಥಾನ್ ಮಾರುಕಟ್ಟೆಯ ಸಮೀಪದಲ್ಲಿ ಒಂದು ಮಾರಿಯಮ್ಮನ ಗುಡಿಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಮಿಳು ವರ್ತಕರು ಕಟ್ಟಿಸಿದ್ದು. 1975ರ ತರುವಾಯ ಅವರಲ್ಲಿ ಬಹುಮಂದಿ ಊರು ಬಿಟ್ಟರು. ಇಂದು ಅಲ್ಲಿ ಊದುಬತ್ತಿ ಹಚ್ಚಿ ಗೋಡೆಗೆ ಹಣೆಯೊತ್ತಿ ಬೇಡಿಕೊಳ್ಳುವವರು ಹೆಚ್ಚಾಗಿ ವಿಯೆಟ್ನಾಮಿಯರೇ. ನಮ್ಮ ಊರಮ್ಮ ಅಲ್ಲಿಯೂ ಊರಮ್ಮನಾಗಿದ್ದಾಳೆ. ದೇಶದ ನಡುಭಾಗದಲ್ಲಿ ಮೀ ಸೋನ್ ಎಂಬಲ್ಲಿ ಚಾಮ್ ಅರಸರು ಕಟ್ಟಿಸಿದ ಶಿವಾಲಯಗಳಿವೆ. ನಮ್ಮ ಪುರಾತತ್ತ್ವ ಇಲಾಖೆಯವರು ಅವುಗಳ ಜೀರ್ಣೋದ್ಧಾರದಲ್ಲಿ ತೊಡಗಿದ್ದಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಶಿವಲಿಂಗವೊಂದು ಮಣ್ಣಿನಿಂದ ಮೇಲೆದ್ದಿತು. ಆ ಚಾಮ್ ಜನರ ರಾಜ್ಯ ಅಳಿಯಿತು, ಜನ ಅಳಿಯಲಿಲ್ಲ. ದಕ್ಷಿಣ ಭಾರತದ ಲಿಪಿಕುಲಕ್ಕೆ ಸೇರಿದ ಅವರ ಅಕ್ಷರಗಳನ್ನು ಫಾನ್ ರಾಂಗ್ ಸುತ್ತಿನ ಹಳ್ಳಿಗಳ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಇಂದಿಗೂ ಕಲಿಯುತ್ತಾರೆ. ಸುತ್ತಲೂ ಮತ್ತೊಂದು ಭಾಷೆಯ ಸಾಗರ, ಅದರ ನಡುವೆ ಮನೆಮಾತಿನ ಹಣತೆ. ಇದು ಯಾರ ಕಥೆಯೆಂದು ನಾನು ಹೇಳಬೇಕಾಗಿಲ್ಲ.

ತಾಯ್ತಂದೆಯರೇ, ಹೋಗಬಯಸುವ ಮಗಳನ್ನು ಬರಿಯ ಅಂಜಿಕೆಯಿಂದ ತಡೆಯಬೇಡಿ. ಕಾಗದಪತ್ರಗಳನ್ನು ಕಣ್ಣಾರೆ ನೋಡಿ, ಕರಾರನ್ನು ಓದಿಸಿ, ಅನಂತರ ಹರಸಿ. ತರುಣಿಯರೇ, ಸಂಬಳದ ಲೆಕ್ಕದೊಡನೆ ಆ ನಾಡಿನ ಹತ್ತು ಮಾತನ್ನೂ ಕಲಿಯಿರಿ. ಕಲಿಯುವವರಿಗೆ ಮಾತ್ರ ಕಲಿಸುವ ಅಧಿಕಾರ. ಮತ್ತು ವಾರಕ್ಕೊಮ್ಮೆ ಮನೆಗೆ ಒಂದು ಪತ್ರ ಬರೆಯಿರಿ. ಕೈಯಲ್ಲಿನ ಯಂತ್ರದಲ್ಲಿ ಮುಖ ನೋಡಿ ಮಾತನಾಡುವುದು ಸುಲಭವೇ ಸರಿ. ಆದರೆ ಅಕ್ಷರ ಉಳಿಯುವುದು ಬರೆದಾಗ. ಆ ಪತ್ರ ಕನ್ನಡದಲ್ಲಿರಲಿ.