ಇಪ್ಪತ್ತಕ್ಕೆ ಹದಿನೆಂಟು

ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಕಳೆದ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ಬಂದಿತ್ತೇ? ಮನೆಯಲ್ಲಿ ಏನು ಸಿಕ್ಕಿತು, ಶಾಬಾಸ್‌ಗಿರಿಯೋ ಬೈಗುಳವೋ? ಅದೇ ಎಪ್ಪತ್ತು ತಂದರೆ ಮನೆಮಂದಿಯೆಲ್ಲ ಹಿಗ್ಗುವ ದೇಶವೊಂದಿದೆ. ಅದು ಫ್ರಾನ್ಸ್. ಅಲ್ಲಿನ ಶಾಲೆಯ ಕಥೆಯನ್ನು ನನಗೆ ಹೇಳಿದವರು ಅಮೆರಿಕದ ಒಬ್ಬ ಟೀಚರಮ್ಮ.

ಎರಡು ವರ್ಷದ ಹಿಂದೆ ನಾನೂ ನಮ್ಮ ಮನೆಯವರೂ ಮಗಳ ಮನೆಗೆಂದು ಒಹಾಯೊ ರಾಜ್ಯಕ್ಕೆ ಹೋಗಿದ್ದೆವು. ಪಕ್ಕದ ಮನೆಯಲ್ಲಿ ಈ ಟೀಚರಮ್ಮ. ಹೆಚ್ಚುಕಡಿಮೆ ನನ್ನದೇ ವಯಸ್ಸು, ನನ್ನ ಹಾಗೆಯೇ ನಿವೃತ್ತರು. ಸಂಜೆಯಾದರೆ ಒಂದು ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಂಡು ಅವರ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದೆವು. ಅವರು ಕೋಡುಬಳೆ ಕಡಿಯುತ್ತಾ ಕಥೆ ಹೇಳುತ್ತಿದ್ದರು, ಮಗಳು ಅರ್ಥವಾಗದ ಕಡೆ ಬಿಡಿಸಿ ಹೇಳುತ್ತಿದ್ದಳು.

ಅವರು ತಮ್ಮ ಊರಿನ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದವರು. 1995ರಲ್ಲಿ ಒಂದು ಅದಲುಬದಲು ನಡೆಯಿತು. ಇವರು ಫ್ರಾನ್ಸಿನ ದಿಜೋನ್ ಎಂಬ ಊರಿಗೆ ಇಂಗ್ಲಿಷ್ ಕಲಿಸಲು ಹೋದರು. ಅಲ್ಲಿನ ಇಂಗ್ಲಿಷ್ ಮೇಡಂ ಇವರ ತರಗತಿಗೆ ಫ್ರೆಂಚ್ ಕಲಿಸಲು ಬಂದರು. ಇವರ ಮನೆಯಲ್ಲಿ ಅವರು, ಅವರ ಮನೆಯಲ್ಲಿ ಇವರು, ಪೂರಾ ಒಂದು ವರ್ಷ! ಇಂಥ ವಿನಿಮಯಕ್ಕೆ ದಾರಿ ಮಾಡಿದ್ದು ಫುಲ್‌ಬ್ರೈಟ್ ಯೋಜನೆ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಯುದ್ಧ ಸಾಮಗ್ರಿ ಹೊರದೇಶಗಳಲ್ಲಿ ರಾಶಿರಾಶಿಯಾಗಿ ಉಳಿದುಹೋಗಿತ್ತು. ಅದನ್ನು ಮಾರಿ ಬಂದ ಹಣವನ್ನು ವಿದ್ಯೆಯ ವಿನಿಮಯಕ್ಕೆ ಬಳಸಬೇಕೆಂದು ಸೆನೆಟರ್ ಫುಲ್‌ಬ್ರೈಟ್ ಅವರು 1946ರಲ್ಲಿ ಕಾನೂನು ತಂದರು. 1950ರಲ್ಲಿ ನಮ್ಮ ದೇಶವೂ ಇದಕ್ಕೆ ಸೇರಿತು.

ದಿಜೋನ್ ಎಂದರೆ ಸಾಸಿವೆ ಗೊಜ್ಜಿಗೆ ಹೆಸರಾದ ಊರು. ಅಲ್ಲಿನ ಹಳೆಯ ಚರ್ಚಿನ ಗೋಡೆಯಲ್ಲಿ ಕಲ್ಲಿನ ಪುಟ್ಟ ಗೂಬೆಯೊಂದಿದೆ. ಎಡಗೈಯಿಂದ ಅದನ್ನು ಮುಟ್ಟಿ ಏನಾದರೂ ಬೇಡಿಕೊಂಡರೆ ಆಗುತ್ತದಂತೆ. ಮುಟ್ಟಿ ಮುಟ್ಟಿ ಅದರ ಮೂತಿಯೇ ಸವೆದುಹೋಗಿದೆ! ನಮ್ಮ ಟೀಚರಮ್ಮ ಮೊದಲ ದಿನ ಶಾಲೆಗೆ ಹೋಗುವಾಗ ಅದನ್ನು ಮುಟ್ಟಿಯೇ ಹೋದರಂತೆ.

ಮುಟ್ಟಿದರೂ ಮೊದಲ ದಿನವೇ ಎಡವಟ್ಟಾಯಿತು. ಫ್ರೆಂಚಿನಲ್ಲಿ ನಮ್ಮ ಹಾಗೆಯೇ 'ನೀನು' ಬೇರೆ, 'ನೀವು' ಬೇರೆ. 'ತು' ಎಂದರೆ ನೀನು, 'ವು' ಎಂದರೆ ನೀವು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ಟೀಚರಮ್ಮ ಗಾಬರಿಯಲ್ಲಿ ಹೆಡ್‌ಮಾಸ್ಟರನ್ನು 'ತು' ಎಂದುಬಿಟ್ಟರು. ನೀವು ನಿಮ್ಮ ಹೆಡ್‌ಮಾಸ್ಟರ ಬಳಿ ಹೋಗಿ "ಏನಪ್ಪಾ, ಹೇಗಿದ್ದೀಯ?" ಅಂದಂತೆ! ಇಪ್ಪತ್ತು ವರ್ಷ ಫ್ರೆಂಚ್ ಪಾಠ ಹೇಳಿದವರು ಕೆಂಪಗಾಗಿ ನಿಂತರಂತೆ.

ಅವರಿದ್ದದ್ದು 'ಕೊಲೇಜ್'. ಹೆಸರು ಕೇಳಿ ಮೋಸ ಹೋಗಬೇಡಿ, ಅದು ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳ ಶಾಲೆ. ತರಗತಿಯ ಲೆಕ್ಕವೂ ತಿರುಗುಮುರುಗು. ಮೊದಲ ವರ್ಷ ಆರನೆಯದು, ಆಮೇಲೆ ಐದನೆಯದು, ನಾಲ್ಕನೆಯದು, ಮೂರನೆಯದು. ನಾವು ಮೆಟ್ಟಿಲು ಹತ್ತಿದರೆ ಅವರು ಇಳಿಯುತ್ತಾರೆ. ಬುಧವಾರ ಮಧ್ಯಾಹ್ನ ಪಾಠವಿಲ್ಲ, ಆದರೆ ಶನಿವಾರ ಬೆಳಿಗ್ಗೆ ಶಾಲೆಯಿತ್ತು. ಮಕ್ಕಳು ಬರೆಯುತ್ತಿದ್ದದ್ದು ಇಂಕ್ ಪೆನ್ನಿನಲ್ಲಿ. ನೋಟ್‌ಬುಕ್ಕಿನಲ್ಲಿ ಚೌಕಗಳು, ಚೌಕದೊಳಗೆ ಎರಡೆರಡು ಮಿಲಿಮೀಟರಿಗೆ ಒಂದೊಂದು ಸಣ್ಣ ಗೆರೆ. ಯಾವ ಅಕ್ಷರ ಎಷ್ಟು ಎತ್ತರ ಏರಬೇಕೆಂದು ಗೆರೆಯೇ ಹೇಳುತ್ತದೆ. ನಮ್ಮ ನಾಲ್ಕು ಗೆರೆಯ ಕಾಪಿ ಪುಸ್ತಕದ ಅಣ್ಣನೆನ್ನಿ.

ಅಮೆರಿಕದಲ್ಲಿ ಟೀಚರಮ್ಮ ಅರ್ಧ ಗಂಟೆಯಲ್ಲಿ ಊಟ ಮುಗಿಸಿ ಓಡುತ್ತಿದ್ದರು. ಇಲ್ಲಿ ಊಟಕ್ಕೆ ಒಂದೂವರೆ ಗಂಟೆ. ಶಾಲೆಯ ಊಟದ ಮನೆಯಲ್ಲಿ ಮೊದಲು ತರಕಾರಿ ಸಲಾಡ್, ಆಮೇಲೆ ಮುಖ್ಯ ಊಟ, ಆಮೇಲೆ ಚೀಸ್ ಅಥವಾ ಮೊಸರು, ಕೊನೆಗೆ ಹಣ್ಣೋ ಸಿಹಿಯೋ. ಜೊತೆಗೆ ಬ್ರೆಡ್ಡು. ಕೋಸಂಬರಿಯಿಂದ ಶುರುವಾಗಿ ಮೊಸರನ್ನಕ್ಕೆ ಮುಗಿಯುವ ನಮ್ಮ ಎಲೆ ಊಟಕ್ಕೆ ಹೇಗೆ ಕ್ರಮವಿದೆಯೋ ಹಾಗೆ.

ಆ ವರ್ಷ ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಫ್ರಾನ್ಸಿನಲ್ಲಿ ದೊಡ್ಡ ಮುಷ್ಕರ ನಡೆಯಿತು. ಸರ್ಕಾರ ಪಿಂಚಣಿ ನಿಯಮಗಳನ್ನು ಬದಲಿಸಲು ಹೊರಟಿದ್ದಕ್ಕೆ ಸಿಟ್ಟಾಗಿ ಸುಮಾರು ಮೂರು ವಾರ ರೈಲುಗಳೇ ಓಡಲಿಲ್ಲ. ಎಷ್ಟೋ ದಿನ ಮೇಷ್ಟ್ರುಗಳೂ ಮೆರವಣಿಗೆಯಲ್ಲಿದ್ದರು. ಇದನ್ನು ಕೇಳಿ ನನಗೆ ನಮ್ಮ ಬ್ಯಾಂಕ್ ಯೂನಿಯನ್ನಿನ ದಿನಗಳು ನೆನಪಾದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಫ್ರಾನ್ಸಿನಲ್ಲಿ ಮಾರ್ಕ್ಸ್ ಇಪ್ಪತ್ತಕ್ಕೆ. ಹತ್ತು ಬಂದರೆ ಪಾಸು, ಹನ್ನೆರಡು ಪರವಾಗಿಲ್ಲ, ಹದಿನಾಲ್ಕು ಚೆನ್ನಾಗಿದೆ, ಹದಿನಾರು ಬಹಳ ಚೆನ್ನಾಗಿದೆ. ಇಪ್ಪತ್ತಕ್ಕೆ ಇಪ್ಪತ್ತು ತೀರಾ ಅಪರೂಪ. ಅಮೆರಿಕದ ಟೀಚರಮ್ಮನಿಗೆ ಇದು ಒಗ್ಗಲಿಲ್ಲ. ಧಾರಾಳವಾಗಿ 17, 18 ಕೊಟ್ಟರು. ಕೆಳಗೆ ದೊಡ್ಡದಾಗಿ 'ಗುಡ್ ಜಾಬ್' ಎಂದು ಬರೆದರು.

ಒಬ್ಬ ಹುಡುಗ, ಹನ್ನೆರಡು ವರ್ಷದವನು, ಪಾಠ ಮುಗಿದ ಮೇಲೆ ಹಾಳೆ ಹಿಡಿದು ಮೇಜಿನ ಬಳಿ ಬಂದ.

"ಮೇಡಂ, ಇದರಲ್ಲಿ ತಪ್ಪಾಗಿದೆ."

"ಏನು ತಪ್ಪು?"

"18 ಅಂತ ಬರೆದಿದ್ದೀರಿ. ನನಗೆ 18 ಬರುವುದಿಲ್ಲ."

ಇಲ್ಲ, ಅದು ನಿನ್ನದೇ ಎಂದು ಅವರು ಹೇಳಿದರು. ಹುಡುಗ ತಲೆಯಾಡಿಸಿ ಹೋದ. ಮುಖದಲ್ಲಿ ಸಂತೋಷವಿರಲಿಲ್ಲ.

ಅಲ್ಲಿ ಮೂರು ತಿಂಗಳಿಗೊಮ್ಮೆ ತರಗತಿಯ ಸಭೆ ನಡೆಯುತ್ತದೆ. ಹೆಡ್‌ಮಾಸ್ಟರು, ಎಲ್ಲ ವಿಷಯದ ಮೇಷ್ಟ್ರುಗಳು, ತಂದೆತಾಯಿಯರ ಕಡೆಯವರು, ಜೊತೆಗೆ ಮಕ್ಕಳೇ ಓಟು ಹಾಕಿ ಆರಿಸಿದ ಇಬ್ಬರು ಮಕ್ಕಳು. ಒಬ್ಬೊಬ್ಬ ವಿದ್ಯಾರ್ಥಿಯ ವಿಚಾರವನ್ನೂ ಅಲ್ಲಿ ಮಾತಾಡುತ್ತಾರೆ. ಈ ಹುಡುಗನ ಸರದಿ ಬಂತು. ಉಳಿದ ವಿಷಯಗಳಲ್ಲಿ 8, 9. ಇಂಗ್ಲಿಷಿನಲ್ಲಿ 18. ಹಿರಿಯ ಗಣಿತ ಮೇಷ್ಟ್ರೊಬ್ಬರು ಕೇಳಿದರು: "ಮೇಡಂ, ನಿಮ್ಮ ತರಗತಿಯಲ್ಲಿ ಎಲ್ಲರಿಗೂ 17, 18. ಈ ಹುಡುಗ ನಿಜವಾಗಿ ಮುಂದೆ ಬಂದಿದ್ದಾನೋ ಇಲ್ಲವೋ ನಮಗೆ ತಿಳಿಯುವುದು ಹೇಗೆ? ಅವನಿಗಾದರೂ ತಿಳಿಯುವುದು ಹೇಗೆ?"

ಟೀಚರಮ್ಮನಿಗೆ ಅವಮಾನವಾಯಿತು. ಆ ರಾತ್ರಿ ಹುಡುಗನ ಹಳೆಯ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತರು. ಅವನು ನಿಜವಾಗಿಯೂ ಮುಂದೆ ಬಂದಿದ್ದ! ಸೆಪ್ಟೆಂಬರಿನಲ್ಲಿ ಒಂದು ವಾಕ್ಯ ನೆಟ್ಟಗೆ ಬರೆಯಲಾಗದವನು ಈಗ ಅರ್ಧ ಪುಟ ಬರೆಯುತ್ತಿದ್ದ. ಆದರೆ ಅಂದಿಗೂ 17, ಇಂದಿಗೂ 18 ಕೊಟ್ಟರೆ ಆ ಏರಿಕೆ ಕಾಣುವುದಾದರೂ ಹೇಗೆ?

ಮುಂದಿನ ಸಲ ಅವರು ಅವನಿಗೆ 13 ಕೊಟ್ಟರು. ಹೊಗಳಿಕೆಯನ್ನು ಮಾತ್ರ ಬಿಡಲಿಲ್ಲ. ಯಾವ ವಾಕ್ಯ ಚೆನ್ನಾಗಿದೆ, ಏಕೆ ಚೆನ್ನಾಗಿದೆ, ಇನ್ನೇನು ಕಲಿಯಬೇಕು ಎಂದು ಕೆಳಗೆ ನಾಲ್ಕು ಸಾಲು ಬರೆದರು. ಹುಡುಗ ಎರಡು ಸಲ ಓದಿದ. "ಈ 13 ನನ್ನದೇನಾ?" ಎಂದು ಕೇಳಿ ಹಾಳೆಯನ್ನು ಜೋಪಾನವಾಗಿ ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡ. 18ಕ್ಕೆ ನಗದವನು 13ಕ್ಕೆ ನಕ್ಕ.

ಅತ್ತ ಒಹಾಯೊದಲ್ಲಿ ಏನಾಗಿತ್ತು ಗೊತ್ತೇ? ಫ್ರೆಂಚ್ ಮೇಡಂ ತಮ್ಮೂರಿನ ಅಳತೆಯಲ್ಲಿ ನೂರಕ್ಕೆ 65, 70 ಕೊಟ್ಟು, "ಚೆನ್ನಾಗಿ ಮಾಡಿದ್ದೀರಿ" ಎಂದುಕೊಂಡಿದ್ದರು. ಮಕ್ಕಳು ಅತ್ತರು, ತಂದೆತಾಯಿಯರು ಫೋನ್ ಮೇಲೆ ಫೋನ್ ಮಾಡಿದರು. ಇಬ್ಬರು ಮೇಡಂಗಳೂ ಒಬ್ಬರಿಗೊಬ್ಬರು ಕಾಗದ ಬರೆದುಕೊಂಡು ನಕ್ಕರಂತೆ. ವರ್ಷ ಮುಗಿಯುವ ಹೊತ್ತಿಗೆ ಆಕೆಯೂ ಹಾಳೆಗಳ ಮೇಲೆ ನಗುಮುಖದ ಸ್ಟಿಕರ್ ಅಂಟಿಸಲು ಕಲಿತಿದ್ದರು.

ಬ್ಯಾಂಕಿನಲ್ಲಿದ್ದವನಿಗೆ ಇದು ಬೇಗ ಅರ್ಥವಾಯಿತು. ಆಗ ಒಂದು ಡಾಲರಿಗೆ ಸುಮಾರು 5 ಫ್ರಾಂಕ್. ನೋಟಿಗೆ ವಿನಿಮಯ ದರ ಇರುವ ಹಾಗೆ ಮಾರ್ಕ್ಸಿಗೂ ಇದೆ. ಅಂಕಿ ಒಂದೇ ಆದರೂ ಎಲ್ಲಿ, ಯಾರು, ಯಾವ ಅಳತೆಯಲ್ಲಿ ಕೊಟ್ಟರು ಎಂದು ನೋಡದೆ ಬೆಲೆ ಕಟ್ಟಬಾರದು.

ಇಷ್ಟು ಹೇಳಿ ನಾನು ಜಗಲಿಯ ಮೇಲೆ ಬೀಗುತ್ತಿದ್ದಾಗ ಮಗಳು ಮೆಲ್ಲಗೆ ಅಂದಳು: "ಅಪ್ಪಾ, ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ 88 ತಂದಾಗ ನೀವು ಏನಂದಿರಿ, ನೆನಪಿದೆಯಾ? 'ಇನ್ನು ಹನ್ನೆರಡು ಎಲ್ಲಿ?' ಅಂದಿರಿ."

ನನಗೆ ನೆನಪಿರಲಿಲ್ಲ. ಅವಳಿಗೆ ಮೂವತ್ತು ವರ್ಷದಿಂದ ನೆನಪಿತ್ತು. ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಕಡಿಮೆ ಬಿದ್ದದ್ದೇ ಮೊದಲು ಕಣ್ಣಿಗೆ ಬೀಳುತ್ತದೆ. ಆ 88 ಹೇಗೆ ಬಂತು ಎಂದು ನಾನು ಒಂದು ಮಾತು ಕೇಳಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ಅವಳು ನಕ್ಕಳು. ಆಮೇಲೆ ಬೀಜಗಣಿತವನ್ನು ತಾನೊಬ್ಬಳೇ ಕೂತು ಕಲಿತ ಕಥೆಯನ್ನು ಪೂರ್ತಿ ಹೇಳಿದಳು.

ಅಜ್ಜ ಅಜ್ಜಿಯರೇ, ಈ ಸಲ ಮೊಮ್ಮಕ್ಕಳು ಮಾರ್ಕ್ಸ್ ಕಾರ್ಡ್ ತಂದರೆ "ಎಷ್ಟು ಬಂತು?" ಎಂದ ಮೇಲೆ "ಹೇಗೆ ಬಂತು?" ಎಂದೂ ಕೇಳಿ ನೋಡಿ.

ಮಕ್ಕಳೇ, ನಿಮಗೊಂದು ಲೆಕ್ಕ. ಫ್ರೆಂಚಿನಲ್ಲಿ 70 ಎನ್ನಲು 'ಅರವತ್ತು ಹತ್ತು' ಎನ್ನುತ್ತಾರೆ. 80 ಎಂದರೆ 'ನಾಲ್ಕು ಇಪ್ಪತ್ತು'. 97 ಎಂದರೆ 'ನಾಲ್ಕು ಇಪ್ಪತ್ತು ಹದಿನೇಳು'. ನನಗೀಗ 76, ಅಂದರೆ ಅರವತ್ತರ ಮೇಲೆ ಬರೀ ಹದಿನಾರು! ನಿಮ್ಮ ಅಜ್ಜಿ ತಾತನ ವಯಸ್ಸನ್ನೂ ಹೀಗೇ ಲೆಕ್ಕ ಹಾಕಿ ಅವರಿಗೆ ಹೇಳಿ. ಖುಷಿಪಟ್ಟು ಏನಾದರೂ ಕೊಟ್ಟರೂ ಕೊಟ್ಟಾರು.