ಬಿ ಫಾರಂ ಬರುವ ಮೊದಲು: ಲೋಕಾಪುರ ಸುತ್ತಲಿನ ನಾಲ್ಕು ಕ್ಷೇತ್ರಗಳ ಟಿಕೆಟ್ ರಾಜಕೀಯ ಮತ್ತು ನಮ್ಮ ಸಮಾಜ

ವಿಧಾನಸಭೆಯ ಮುಂದಿನ ಸಾರ್ವತ್ರಿಕ ಚುನಾವಣೆ 2028ರಲ್ಲಿ ನಡೆಯಬೇಕು. ಆದರೆ ಲೋಕಾಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಟಿಕೆಟ್ ಲೆಕ್ಕಾಚಾರ ಮತದಾನಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಪಂಚಕಲ್ಯಾಣ ಮಹೋತ್ಸವದ ವೇದಿಕೆಯಲ್ಲಿ, ಮದುವೆ ಮಂಟಪದಲ್ಲಿ, ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಆಕಾಂಕ್ಷಿಗಳು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ. ನಾವು ಶಾಲು ಹೊದಿಸಿ ಸನ್ಮಾನಿಸುತ್ತೇವೆ, ಅವರು ಸಮಾಜದ ಜೊತೆಗಿದ್ದೇವೆ ಎಂದು ಹೇಳಿ ಹೋಗುತ್ತಾರೆ. ಟಿಕೆಟ್ ಯಾರಿಗೆ ಎಂಬುದು ಬೇರೆಲ್ಲೋ ತೀರ್ಮಾನವಾಗುತ್ತದೆ. ಆ ತೀರ್ಮಾನದಲ್ಲಿ ನಮ್ಮ ಕುಟುಂಬಗಳಿಗೆ ಯಾವ ಪಾಲು ಇದೆ ಎಂಬುದೇ ಈ ಲೇಖನದ ಪ್ರಶ್ನೆ.

ಅಭ್ಯರ್ಥಿಯನ್ನು ಆರಿಸುವವರು ಯಾರು?

ಅಮೆರಿಕದಲ್ಲಿ ರಾಜ್ಯ ಶಾಸನಸಭೆಯ ಅಭ್ಯರ್ಥಿ ಯಾರಾಗಬೇಕು ಎಂಬುದನ್ನೂ ಮತದಾರರೇ ‘ಪ್ರೈಮರಿ’ ಎಂಬ ಪ್ರಾಥಮಿಕ ಚುನಾವಣೆಯಲ್ಲಿ ನಿರ್ಧರಿಸುತ್ತಾರೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಪಕ್ಷದ ವರಿಷ್ಠರು ಯಾರ ಹೆಸರಿಗೆ ಬಿ ಫಾರಂ ಕೊಡುತ್ತಾರೋ ಅವರೇ ಅಭ್ಯರ್ಥಿ.

ಪ್ರಯತ್ನಗಳು ನಡೆದೇ ಇಲ್ಲ ಎನ್ನುವಂತಿಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಆಂತರಿಕ ಮತದಾನದ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಅದಕ್ಕೆ ಆಯ್ಕೆಯಾದವು. ಜನಾರ್ದನ ಪೂಜಾರಿ ಮತ್ತು ಸಿ. ನಾರಾಯಣಸ್ವಾಮಿ ಹೀಗೆ ಆರಿಸಿಬಂದರು, ಆದರೆ ಚುನಾವಣೆಯಲ್ಲಿ ಇಬ್ಬರೂ ಸೋತರು. ಪ್ರಯೋಗ ಮುಂದೆ ಬೇರೂರಲಿಲ್ಲ.

2023ರ ವಿಧಾನಸಭಾ ಚುನಾವಣೆಗೆ ಕಾಂಗ್ರೆಸ್ ಆಕಾಂಕ್ಷಿಗಳಿಂದ ಅರ್ಜಿ ಕರೆದು, ಅರ್ಜಿಯ ಜೊತೆ ಸಾಮಾನ್ಯ ವರ್ಗದವರಿಂದ 2 ಲಕ್ಷ ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 1 ಲಕ್ಷ ರೂಪಾಯಿ ಪಡೆಯಿತು. ಬಿಜೆಪಿ ಅದೇ ವರ್ಷ ಮಾರ್ಚ್ 31ರಂದು ಕ್ಷೇತ್ರವಾರು ತನ್ನ ಪದಾಧಿಕಾರಿಗಳಿಂದ ಮತ ಹಾಕಿಸಿ ಆಕಾಂಕ್ಷಿಗಳ ಬಗ್ಗೆ ಅಭಿಪ್ರಾಯ ಪಡೆಯಿತು. ಏಪ್ರಿಲ್ 11ರಂದು ದೆಹಲಿಯಿಂದ 189 ಹೆಸರುಗಳ ಮೊದಲ ಪಟ್ಟಿ ಬಂತು. ಆ ಮಾರ್ಚ್ ಮತದಾನ ಕೊನೆಯ ತೀರ್ಮಾನವಾಗಿರಲಿಲ್ಲ ನಿಜ. ಆದರೂ ಒಂದು ಅಂಶವನ್ನು ಗಮನಿಸಬೇಕು: ಅಲ್ಲಿ ಅಭಿಪ್ರಾಯ ಹೇಳುವ ಅವಕಾಶ ಇದ್ದದ್ದು ಪಕ್ಷದಲ್ಲಿ ಹೊಣೆ ಹೊತ್ತವರಿಗೆ ಮಾತ್ರ. ಹೊರಗೆ ನಿಂತು ‘ನಮ್ಮವರಿಗೂ ಕೊಡಿ’ ಎನ್ನುವವರಿಗೆ ಅಲ್ಲಿ ಜಾಗವಿರಲಿಲ್ಲ.

ನಾಲ್ಕು ಕ್ಷೇತ್ರ, ನಾಲ್ಕು ರೀತಿ

*ಮುಧೋಳ:* ಲೋಕಾಪುರದವರು ಮತ ಹಾಕುವ ಈ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. 2004ರಿಂದ 2018ರವರೆಗೆ ಬಿಜೆಪಿಯ ಗೋವಿಂದ ಕಾರಜೋಳ ಸತತ ನಾಲ್ಕು ಬಾರಿ ಗೆದ್ದರು. ಕಾಂಗ್ರೆಸ್ 2018ರಲ್ಲಿ ಸತೀಶ ಬಂಡಿವಡ್ಡರ ಅವರನ್ನು ಕಣಕ್ಕಿಳಿಸಿತ್ತು. 2023ರಲ್ಲಿ ಟಿಕೆಟ್ ಆರ್.ಬಿ. ತಿಮ್ಮಾಪುರ ಅವರಿಗೆ ಹೋಯಿತು, ಅವರು ಗೆದ್ದು ಸಚಿವರಾದರು. ಇಲ್ಲಿ ಜೈನರು ಅಭ್ಯರ್ಥಿಯಾಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಮುಧೋಳದ ನಮ್ಮ ಕುಟುಂಬಗಳಿಗೆ ‘ನಮ್ಮವರು ಯಾರು’ ಎಂಬುದಕ್ಕಿಂತ ‘ಒಳ್ಳೆಯವರು ಯಾರು’ ಎಂಬುದೇ ಪ್ರಶ್ನೆ. ಒಂದು ಲೆಕ್ಕದಲ್ಲಿ ಇದು ಹೆಚ್ಚು ಸ್ವಚ್ಛವಾದ ಪ್ರಶ್ನೆ.

*ಜಮಖಂಡಿ:* ಬಂಡಾಯ ಹೇಗೆ ಫಲಿತಾಂಶವನ್ನೇ ತಿರುಗಿಸುತ್ತದೆ ಎಂಬುದಕ್ಕೆ ಈ ಕ್ಷೇತ್ರವೇ ಪಾಠ. 2018ರ ಮೇ ಚುನಾವಣೆಯಲ್ಲಿ ಕಾಂಗ್ರೆಸ್‌ನ ಸಿದ್ದು ನ್ಯಾಮಗೌಡ ಅವರು ಬಿಜೆಪಿಯ ಶ್ರೀಕಾಂತ ಕುಲಕರ್ಣಿ ಅವರನ್ನು ಸೋಲಿಸಿದ್ದು ಕೇವಲ 2,795 ಮತಗಳಿಂದ. ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಸಂಗಮೇಶ ನಿರಾಣಿ ಪಡೆದ ಮತಗಳು ಆ ಅಂತರಕ್ಕಿಂತ ಎಷ್ಟೋ ಹೆಚ್ಚು. ಅದೇ ತಿಂಗಳು ರಸ್ತೆ ಅಪಘಾತದಲ್ಲಿ ನ್ಯಾಮಗೌಡರು ನಿಧನರಾದ ಮೇಲೆ ನವೆಂಬರ್ ಉಪಚುನಾವಣೆಯಲ್ಲಿ ಅವರ ಪುತ್ರ ಆನಂದ ನ್ಯಾಮಗೌಡ 39 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. 2023ರಲ್ಲಿ ಬಿಜೆಪಿ ಅಭ್ಯರ್ಥಿಯನ್ನು ಬದಲಿಸಿ ಜಗದೀಶ ಗುಡಗುಂಟಿ ಅವರಿಗೆ ಟಿಕೆಟ್ ಕೊಟ್ಟಿತು, ಕ್ಷೇತ್ರ ಕೈಬದಲಾಯಿತು.

*ತೇರದಾಳ:* ರಬಕವಿ-ಬನಹಟ್ಟಿ, ಮಹಾಲಿಂಗಪುರ ಸೇರಿದ ಈ ಕ್ಷೇತ್ರ ರೂಪುಗೊಂಡದ್ದು 2008ರ ಚುನಾವಣೆಗೆ. 12ನೇ ಶತಮಾನದಲ್ಲಿ ಮಾಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿಯಿಂದ ತೇರದಾಳ ನಮಗೆಲ್ಲ ಪರಿಚಿತ. ಇಲ್ಲಿ ಬಿಜೆಪಿಯ ಸಿದ್ದು ಸವದಿ 2008, 2018 ಮತ್ತು 2023ರಲ್ಲಿ, ಕಾಂಗ್ರೆಸ್‌ನ ಉಮಾಶ್ರೀ 2013ರಲ್ಲಿ ಗೆದ್ದರು. ಮಾಜಿ ಸಚಿವೆಯಾಗಿದ್ದರೂ 2023ರಲ್ಲಿ ಉಮಾಶ್ರೀ ಅವರಿಗೆ ಟಿಕೆಟ್ ತಪ್ಪಿ ಸಿದ್ದು ಕೊಣ್ಣೂರ ಅವರಿಗೆ ಸಿಕ್ಕಿತು. ಕ್ಷೇತ್ರ ಬಿಜೆಪಿಯಲ್ಲೇ ಉಳಿಯಿತು.

*ಬೀಳಗಿ:* 2013, 2018, 2023, ಮೂರೂ ಬಾರಿ ಜೆ.ಟಿ. ಪಾಟೀಲ ಮತ್ತು ಮುರುಗೇಶ ನಿರಾಣಿ ಅವರೇ ಎದುರಾಳಿಗಳು. ಗೆಲುವು ಅವರಿಂದ ಇವರಿಗೆ, ಇವರಿಂದ ಅವರಿಗೆ ಹೋಗಿದೆ. ಹೊಸಬರಿಗೆ ಟಿಕೆಟ್ ಬಾಗಿಲು ಇಲ್ಲಿ ತೆರೆದದ್ದೇ ಅಪರೂಪ.

ಪಕ್ಕದ ಜಿಲ್ಲೆಯ ಎರಡು ಪಾಠಗಳು

ಕೃಷ್ಣೆಯ ಆಚೆ ಅಥಣಿಯಲ್ಲಿ 2023ರಲ್ಲಿ ಬಿಜೆಪಿ ಟಿಕೆಟ್ ತಪ್ಪಿದ ಮಾಜಿ ಉಪಮುಖ್ಯಮಂತ್ರಿ ಲಕ್ಷ್ಮಣ ಸವದಿ ಕಾಂಗ್ರೆಸ್ ಸೇರಿ 76 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ದೆಹಲಿಯ ಲೆಕ್ಕ ಊರಿನ ಲೆಕ್ಕಕ್ಕೆ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ನಿಪ್ಪಾಣಿಯ ಕಥೆ ನಮ್ಮ ಸಮಾಜಕ್ಕೆ ಇನ್ನೂ ಹತ್ತಿರದ್ದು. ಬೋರಗಾಂವದ ಉತ್ತಮ ಪಾಟೀಲರಿಗೆ ಕಾಂಗ್ರೆಸ್ ಟಿಕೆಟ್ ಸಿಗಲಿಲ್ಲ, ಅದು ಮಾಜಿ ಶಾಸಕ ಕಾಕಾಸಾಹೇಬ ಪಾಟೀಲರ ಪಾಲಾಯಿತು. ಉತ್ತಮ ಪಾಟೀಲರು ಎನ್‌ಸಿಪಿಯಿಂದ ನಿಂತು ಎರಡನೇ ಸ್ಥಾನಕ್ಕೆ ಬಂದರು. ಶಶಿಕಲಾ ಜೊಲ್ಲೆ ಗೆದ್ದ ಅಂತರ ಏಳು ಸಾವಿರದ ಆಸುಪಾಸು, ಕಾಂಗ್ರೆಸ್‌ಗೆ ಮೂರನೇ ಸ್ಥಾನ. ಜೈನ ಅಭ್ಯರ್ಥಿಯೊಬ್ಬರು ಚಿಕ್ಕ ಪಕ್ಷದ ಚಿಹ್ನೆಯಲ್ಲೂ ಇಷ್ಟು ಮತ ಪಡೆಯಬಲ್ಲರು ಎಂಬುದು ಸಮಾಧಾನದ ಮಾತು. ಟಿಕೆಟ್ ಹಂತದಲ್ಲಿ ಕೈತಪ್ಪಿದ್ದನ್ನು ಮತದಾನದ ದಿನ ಮರಳಿ ಪಡೆಯುವುದು ಎಷ್ಟು ಕಷ್ಟ ಎಂಬುದು ಅದರ ಇನ್ನೊಂದು ಮುಖ.

ಸಂಖ್ಯೆ ಹೇಳುವುದೇನು?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280, ಅಂದರೆ ಶೇ. 0.72. ಈ ಸಂಖ್ಯೆ ಹಿಡಿದು ‘ನಮ್ಮಲ್ಲಿ ಇಷ್ಟು ಮತಗಳಿವೆ’ ಎಂದು ಯಾವ ಪಕ್ಷದ ಬಾಗಿಲಿಗೆ ಹೋದರೂ ಹೆಚ್ಚು ದೂರ ಹೋಗಲಾರೆವು. ಗೆದ್ದವರನ್ನೇ ನೋಡಿ. ಅಭಯಚಂದ್ರ ಜೈನ್ ಮೂಡುಬಿದಿರೆಯಿಂದ ನಾಲ್ಕು ಬಾರಿ ಶಾಸಕರಾದರು. ಡಿ. ಸುಧಾಕರ್ ಹಿರಿಯೂರಿನಿಂದ 2008, 2013, 2023ರಲ್ಲಿ ಗೆದ್ದರು. ಅಭಯ ಪಾಟೀಲರು ಬೆಳಗಾವಿ ದಕ್ಷಿಣವನ್ನು ಪ್ರತಿನಿಧಿಸುತ್ತಿದ್ದಾರೆ. ಈ ಮೂರರಲ್ಲಿ ಎಲ್ಲಿಯೂ ಜೈನ ಮತಗಳಿಂದಷ್ಟೇ ಗೆಲ್ಲುವುದು ಸಾಧ್ಯವಿಲ್ಲ. ಅವರಿಗೆ ಟಿಕೆಟ್ ಸಿಕ್ಕಿದ್ದೂ, ಗೆದ್ದದ್ದೂ ಎಲ್ಲ ಸಮಾಜದವರ ನಡುವೆ ವರ್ಷಗಟ್ಟಲೆ ಓಡಾಡಿದ್ದರಿಂದ.

‘ಸಣ್ಣ ಸಮಾಜ ನಮ್ಮದು, ಎಲ್ಲರ ಜೊತೆ ಚೆನ್ನಾಗಿರೋಣ, ಪಕ್ಷದ ಗೊಡವೆ ಬೇಡ’ ಎಂಬ ಹಿರಿಯರ ಮಾತಿನಲ್ಲಿ ಅರ್ಥವಿದೆ. ಅಂಗಡಿ, ಹೊಲ, ಮಗ್ಗ ನಡೆಸುವವರಿಗೆ ಯಾರೊಂದಿಗೂ ಹಗೆ ಬೇಡ. ಆದರೆ ಎಲ್ಲರಿಗೂ ಶಾಲು ಹೊದಿಸಿ ಯಾರನ್ನೂ ಏನೂ ಕೇಳದಿರುವುದು ಸ್ನೇಹವಲ್ಲ, ಗೈರುಹಾಜರಿ.

ಮಾಡಬಹುದಾದ ಕೆಲಸ

ಮೊದಲನೆಯದು, ಪಕ್ಷಗಳ ಒಳಗೆ ಇರುವುದು. ಒಂದೇ ಪಕ್ಷ ಎಂದಲ್ಲ. ಅಣ್ಣ ಒಂದು ಪಕ್ಷದ ಬೂತ್ ಸಮಿತಿಯಲ್ಲಿ, ತಮ್ಮ ಇನ್ನೊಂದರಲ್ಲಿ ಇದ್ದರೂ ತಪ್ಪಿಲ್ಲ. ಬೂತ್, ಹೋಬಳಿ, ಬ್ಲಾಕ್ ಮಟ್ಟದಲ್ಲಿ ಕೆಲಸ ಮಾಡುವವರ ಮಾತಿಗೆ ಟಿಕೆಟ್ ಸಮಯದಲ್ಲಿ ಬೆಲೆ ಇರುತ್ತದೆ. ಯುವಕ-ಯುವತಿಯರು ಗ್ರಾಮ ಪಂಚಾಯಿತಿ, ಪುರಸಭೆಗಳಿಂದ ಆರಂಭಿಸಲಿ.

ಎರಡನೆಯದು, ಆಕಾಂಕ್ಷಿಗಳನ್ನು ಬಹಿರಂಗವಾಗಿ ಪ್ರಶ್ನಿಸುವುದು. ಕಬ್ಬಿನ ಬಿಲ್ಲು ಸಕಾಲಕ್ಕೆ ಸಿಗಲು ಏನು ಮಾಡುವಿರಿ? 2025ರ ನವೆಂಬರ್‌ನಲ್ಲಿ ದರದ ಹೋರಾಟ ಮುಧೋಳ ಭಾಗದಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋದದ್ದನ್ನು ಕಂಡಿದ್ದೇವೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಏನು? ಲೋಕಾಪುರದ ಮೇಲೆ ಹಾದುಹೋಗುವ ಬಾಗಲಕೋಟೆ-ಕುಡಚಿ ರೈಲು ಮಾರ್ಗ ಒಂದೂವರೆ ದಶಕವಾದರೂ ಮುಗಿದಿಲ್ಲ. ಅದಕ್ಕೆ ಜಮೀನು ಒದಗಿಸುವ ಹೊಣೆ ರಾಜ್ಯದ್ದು, ನಿಮ್ಮ ಪಾತ್ರವೇನು? 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾದ ಮೇಲೆ ಮುನಿಸಂಘದ ವಿಹಾರಕ್ಕೆ ಭದ್ರತೆ ಬೇಕೆಂದು ಸಮಾಜ ಬೇಡಿಕೆ ಇಟ್ಟಿತು; ನಿಮ್ಮ ಕ್ಷೇತ್ರದಲ್ಲಿ ಅದಕ್ಕೆ ಏನು ವ್ಯವಸ್ಥೆ ಮಾಡುವಿರಿ? ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ, ವಸತಿ ನಿಲಯ ನಮ್ಮ ಮಕ್ಕಳಿಗೆ ತಲುಪಲು ಏನು ಕ್ರಮ? ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಎಲ್ಲ ಸಮಾಜದವರ ಪ್ರಶ್ನೆಗಳೇ. ಹಾಗಿರುವುದೇ ಒಳ್ಳೆಯದು. ಪಕ್ಕದ ಮನೆಯ ರೈತನೂ ನೇಕಾರನೂ ನಮ್ಮೊಂದಿಗೆ ನಿಂತು ಕೇಳಬಲ್ಲ.

ಮೂರನೆಯದು ಒಂದು ಎಚ್ಚರಿಕೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನಂತೆ ಭ್ರಷ್ಟ ಆಚರಣೆ. ಮತದಾರನ ಧರ್ಮವನ್ನು ಎತ್ತಿ ಮತ ಕೇಳಿದರೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2017ರ ಜನವರಿ 2ರಂದು ಬಹುಮತದ ತೀರ್ಪು ನೀಡಿದೆ. ಬಸದಿಯ ಆವರಣ, ಮುನಿಗಳ ಪ್ರವಚನ ಪ್ರಚಾರಕ್ಕೆ ಬಳಕೆಯಾಗಬಾರದು. ಸಮಾಜದ ಪರವಾಗಿ ‘ಎಲ್ಲ ಮತಗಳೂ ನಿಮಗೇ’ ಎಂದು ಮಾತು ಕೊಡುವ ಅಧಿಕಾರ ಯಾವ ಮುಖಂಡನಿಗೂ ಇಲ್ಲ. ಮತ ಪ್ರತಿಯೊಬ್ಬ ಶ್ರಾವಕ, ಶ್ರಾವಿಕೆಯ ಸ್ವಂತದ್ದು.

ಮುಂದಿನ ಬಾರಿ ಆಕಾಂಕ್ಷಿಯೊಬ್ಬರು ನಿಮ್ಮೂರಿನ ಕಾರ್ಯಕ್ರಮಕ್ಕೆ ಬಂದಾಗ ಸನ್ಮಾನ ಖಂಡಿತ ಮಾಡಿ. ಶಾಲಿನ ಜೊತೆಗೆ ಪ್ರಶ್ನೆಗಳನ್ನು ಬರೆದ ಒಂದು ಹಾಳೆಯನ್ನೂ ಕೊಡಿ, ಉತ್ತರವನ್ನು ಅದೇ ವೇದಿಕೆಯಲ್ಲಿ ಕೇಳಿ. ಬಿ ಫಾರಂ ಬಂದ ಮೇಲೆ ಕೇಳುವುದಕ್ಕಿಂತ ಬರುವ ಮೊದಲು ಕೇಳಿದ ಪ್ರಶ್ನೆಗೆ ಬೆಲೆ ಹೆಚ್ಚು.

ಜೈ ಜಿನೇಂದ್ರ.